ಹುನಗುಂದದಲ್ಲೊಂದು ಗಿಣ್ಣದ ಪಿಜ್ಜಾ

ಮೈಸೂರಿನ ನಮ್ಮ ಬಡಾವಣೆಯಲ್ಲಿ ವಿದೇಶಕ್ಕೆ ಹೋಗಿಬರದವನು ನಾನೊಬ್ಬನೇ ಉಳಿದಿದ್ದೆ. ಎದುರುಮನೆಯವರು ಸಿಂಗಪುರ ನೋಡಿಬಂದು ವರ್ಷವಾದರೂ ಅಲ್ಲಿನ ರಸ್ತೆಗಳ ನುಣುಪನ್ನು ವರ್ಣಿಸುವುದು ಬಿಟ್ಟಿಲ್ಲ. ಪಕ್ಕದ ಮನೆಯ ನಿವೃತ್ತ ಇಂಜಿನಿಯರರು ಸ್ವಂತ ಮೊಮ್ಮಕ್ಕಳಿಗಿಂತ ಸ್ವಿಟ್ಜರ್ಲೆಂಡಿನ ಹಸುಗಳ ಬಗ್ಗೆ ಹೆಚ್ಚು ಅಕ್ಕರೆಯಿಂದ ಮಾತಾಡುತ್ತಾರೆ. ಹಾಗಾಗಿ ನಾನೂ ಹೋಗಿಬಂದೆ. ವೀಸಾ ಬೇಕಾಗಲಿಲ್ಲ. ರೈಲಿನಲ್ಲಿ ಮಲಗಿ ಎದ್ದರೆ ಸಿಗುವ ವಿದೇಶ ಅದು. ಅಲ್ಲಿಯವರು ಆಡುವುದು ಕನ್ನಡ. ನಾನು ಆಡುವುದೂ ಕನ್ನಡವೇ ಎಂದು ಅವರನ್ನು ನಂಬಿಸಲು ಮಾತ್ರ ಸ್ವಲ್ಪ ಕಷ್ಟಪಡಬೇಕಾಯಿತು.

ಆ ದೇಶದಲ್ಲಿ ನನಗೊಬ್ಬ ಸ್ನೇಹಿತನಿದ್ದಾನೆ, ಬೀರಪ್ಪ. ಮೂವತ್ತು ವರ್ಷಕ್ಕೂ ಹಿಂದೆ ಧಾರವಾಡದಲ್ಲಿ ಬಿ.ಎಡ್. ಓದುವಾಗ ಇಬ್ಬರೂ ಒಂದೇ ಕೋಣೆಯಲ್ಲಿದ್ದೆವು. ಆಮೇಲೆ ನಾನು ಮೈಸೂರಿನಲ್ಲಿ ವಿಜ್ಞಾನದ ಮೇಷ್ಟರಾದೆ, ಅವನು ಹುನಗುಂದದಲ್ಲಿ ಗಣಿತದ ಮೇಷ್ಟರಾದ. ಅವನು ತನ್ನ ಮದುವೆಗೆ ಕರೆದ, ಮನೆ ಕಟ್ಟಿದಾಗ ಕರೆದ, ಮಗಳ ಮದುವೆಗೆ ಕರೆದ, ನಿವೃತ್ತನಾದ ದಿನ ಕರೆದ. ಪ್ರತಿ ಸಲವೂ "ಖಂಡಿತ ಬರ್ತೀನಿ ಕಣೋ" ಎಂದೆ, ಪ್ರತಿ ಸಲವೂ ಹೋಗಲಿಲ್ಲ. ಹುನಗುಂದ ಬಹಳ ದೂರ. ಹುನಗುಂದದಿಂದ ಮೈಸೂರು ಕೂಡ ಅಷ್ಟೇ ದೂರ ಎಂಬುದು ವಿಜ್ಞಾನದ ಮೇಷ್ಟರಿಗೆ ಹೊಳೆದಿರಲಿಲ್ಲ. ಬೀರಪ್ಪ ನನ್ನ ಮದುವೆಗೆ ಬಂದಿದ್ದ. ನಮ್ಮಪ್ಪ ತೀರಿಕೊಂಡಾಗಲೂ ಬಂದು, ಒಂದು ಗಂಟೆ ನನ್ನ ಪಕ್ಕ ಸುಮ್ಮನೆ ಕೂತು ಹೋಗಿದ್ದ.

ಹಾಗಾದರೆ ಈಗ ಯಾಕೆ ಹೋದೆ ಎಂದರೆ, ಅವನು ಹೊಗಳಿದ, ನಾನು ಹೋದೆ. ನಿವೃತ್ತರಿಗೆ ಏನಾದರೊಂದು ಹವ್ಯಾಸವಿರಬೇಕಂತೆ. ನನ್ನ ನಾದಿನಿಯ ಮಗಳು ಬೇಕರಿ ಕೆಲಸ ಕಲಿತವಳು. ಅವಳು ಮಾಡಿದ ಪಿಜ್ಜಾಗಳ ಫೋಟೋ ತೆಗೆದು, "ಇಂದಿನ ನನ್ನ ಪ್ರಯೋಗ" ಎಂದು ಬರೆದು ವಾಟ್ಸಾಪಿಗೆ ಹಾಕತೊಡಗಿದೆ. ಆ ಪ್ರಯೋಗದಲ್ಲಿ ನನ್ನ ಪಾಲು ತಿನ್ನುವುದಷ್ಟೇ ಆಗಿತ್ತು. ಮಿಕ್ಕವರೆಲ್ಲ ಒಂದು ಹೆಬ್ಬೆರಳು ತೋರಿಸಿ ಸುಮ್ಮನಾದರೆ ಬೀರಪ್ಪ ಒಬ್ಬನೇ ಪ್ರತಿಯೊಂದಕ್ಕೂ ಉತ್ತರ ಬರೆದ. ಆರು ತಿಂಗಳಾದ ಮೇಲೆ ಫೋನ್ ಮಾಡಿದ. ಮನೆಯಲ್ಲಿರುವ ಕುರಿಗಳನ್ನು ಮಾರಿ ಇಳಕಲ್ಲಿನಲ್ಲಿ ಪಿಜ್ಜಾ ಅಂಗಡಿ ಇಡುತ್ತಾನಂತೆ. ನಾನು ಹೋಗಿ ಕಲಿಸಿಕೊಡಬೇಕಂತೆ.

"ನಿನ್ನಂಥಾ ಮಾಸ್ತರ ನನಗ ಎಲ್ಲಿ ಸಿಗಬೇಕಲೇ ಶ್ರೀಕಂಠ" ಎಂದ. ನಿಜ ಹೇಳಲು ಬಾಯಿ ತೆರೆದವನು ಈ ಮಾತು ಕೇಳಿ, ಯಾವ ರೈಲಿಗೆ ಬರಲಿ ಎಂದು ಕೇಳಿದೆ.

ಬಾಗಲಕೋಟೆ

ಇಳಿಯಬೇಕಾಗಿದ್ದದ್ದು ಬಾದಾಮಿಯಲ್ಲಿ. ಗುಹೆಗಳನ್ನು ನೋಡದೆ ವಾಪಸಾದರೆ ಎದುರುಮನೆಯವರು ಸಿಂಗಪುರವನ್ನು ಮತ್ತೆ ಮೊದಲಿಂದ ಶುರುಮಾಡುವ ಭಯವಿತ್ತು. ಆದರೆ ಬಾದಾಮಿ ಬಂದಾಗ ನಾನು ಗೊರಕೆ ಹೊಡೆಯುತ್ತಿದ್ದೆ. ಎದುರು ಸೀಟಿನವರು ನನ್ನನ್ನು ಎಬ್ಬಿಸಲಿಲ್ಲ. ಕೇಳಿದರೆ, "ಮಲಗಿದ ಮನಷ್ಯಾನ್ನ ಹೆಂಗ ಎಬ್ಬಸೂದ್ರಿ, ಪಾಪ ಹತ್ತತೈತಿ" ಎಂದರು. ಇಂಥ ಧರ್ಮಾತ್ಮರಿಂದಾಗಿ ಬಾಗಲಕೋಟೆ ನೋಡಿದ ಹಾಗಾಯಿತು.

ನಿಲ್ದಾಣದ ಹೊರಗಿನ ಚಹಾ ಅಂಗಡಿಯಲ್ಲಿ, "ದಯವಿಟ್ಟು ಒಂದು ಕಾಫಿ ಕೊಡ್ತೀರಾ?" ಎಂದು ಕೇಳಿದೆ. ಅಂಗಡಿಯವನು ಸೌಟು ಹಿಡಿದುಕೊಂಡೇ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ನಾಟಕ ಕಂಪನಿಯವರೇನ್ರಿ?"

"ಅಲ್ಲ, ಮೇಷ್ಟರು."

"ಅದಕ್ಕ ಹಂಗ ಮಾತಾಡ್ತೀರಿ. ಕಾಫಿ ಇಲ್ರಿ, ಚಾ ಐತಿ. ಕುಂಡ್ರಿ."

ಮೈಸೂರಿನಲ್ಲಿ ನಾವು ಮನೆಗೆ ಬಂದವರನ್ನು "ಕಾಫಿ ಆಯ್ತಾ?" ಎಂದು ಕೇಳುವುದು ಅವರು ಆಯಿತು ಎನ್ನಲಿ ಎಂದು. ಇಲ್ಲಿ ಆ ಜಾಣತನ ಇನ್ನೂ ಬಂದಿಲ್ಲ. ಚಹಾ ಕುಡಿಯುತ್ತಿದ್ದ ಅಪರಿಚಿತರೊಬ್ಬರು ನಾಷ್ಟಾ ಆಯಿತೇ ಎಂದು ಕೇಳಿದರು. ಇಲ್ಲ ಎಂದೆ. ಅವರು ತಮ್ಮ ಮುಂದಿದ್ದ ಮಂಡಕ್ಕಿಯ ತಟ್ಟೆಯನ್ನು ನನ್ನ ಕಡೆ ತಳ್ಳಿ, ಮಿರ್ಚಿಯನ್ನೂ ಅರ್ಧ ಮುರಿದು ಕೊಟ್ಟರು. ಇಂಥ ಊರಿನಲ್ಲಿ ಮಾತು ಆಡುವ ಮೊದಲು ನಾಲ್ಕು ಸಲ ಯೋಚಿಸಬೇಕು.

ಬಾದಾಮಿ

ಬಸ್ಸಿನಲ್ಲಿ ಬಾದಾಮಿಗೆ ಹಿಂದಿರುಗಿ, ಪೆಟ್ಟಿಗೆಯನ್ನು ನಿಲ್ದಾಣದ ಅಂಗಡಿಯೊಂದರಲ್ಲಿ ಇಟ್ಟೆ. ನನ್ನ ಕೈಯಲ್ಲಿ ಒಂದು ಬಟ್ಟೆಯ ಚೀಲವಿತ್ತು. ಅದರಲ್ಲಿ ನನ್ನ ಸಮಸ್ತ ಪಾಂಡಿತ್ಯವಿತ್ತು: ಚೀಸು, ಹಿಟ್ಟು ಉಬ್ಬಿಸುವ ಯೀಸ್ಟಿನ ಪೊಟ್ಟಣ, ಒಂದು ಸಾಸಿನ ಡಬ್ಬಿ, ಒಣಗಿದ ವಿದೇಶಿ ಸೊಪ್ಪು, ಜೊತೆಗೆ ನಾದಿನಿಯ ಮಗಳು ಮೊದಲಿಂದ ಕೊನೆಯವರೆಗೆ ಹೇಗೆ ಮಾಡಬೇಕೆಂದು ಬರೆದುಕೊಟ್ಟ ಚೀಟಿ. ಆ ಚೀಟಿ ನೋಡಿ ಓದುತ್ತ ಹೋದರೆ ಪಾಠ ಮುಗಿಯುತ್ತದೆ ಎಂಬುದು ನನ್ನ ಲೆಕ್ಕಾಚಾರ. ಮೂವತ್ತು ವರ್ಷ ಪಾಠ ಮಾಡಿದ್ದೂ ಹಾಗೆಯೇ.

ಗುಹೆಗಳ ಮೆಟ್ಟಿಲ ಬುಡದಲ್ಲಿ ಶೇಂಗಾ ಮಾರುತ್ತಿದ್ದ ಹೆಂಗಸು, ಚೀಲ ಹಿಡಿದು ಮೇಲೆ ಹೋಗಬೇಡಿ ಎಂದಳು. "ಪರವಾಗಿಲ್ಲಮ್ಮ" ಎಂದು ಹತ್ತಿದೆ. ಎರಡನೆಯ ಗುಹೆಯ ಹತ್ತಿರ ಒಂದು ಮಂಗ ಬಂತು. ಅವಸರವೇನೂ ಇಲ್ಲದೆ, ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಕೇಳುವ ಹಾಗೆ ಕೈ ಚಾಚಿ ಚೀಲ ತೆಗೆದುಕೊಂಡಿತು. ಬಂಡೆಯ ಮೇಲೆ ಕೂತು ಚೀಸನ್ನು ಪೂರ್ತಿ ತಿಂದಿತು. ಯೀಸ್ಟನ್ನು ಹರಿದು ತನ್ನ ತಲೆಯ ಮೇಲೆಯೇ ಉದುರಿಸಿಕೊಂಡಿತು. ಸಾಸಿನ ಡಬ್ಬಿ ಮೆಟ್ಟಿಲ ಮೇಲೆ ಉರುಳುತ್ತ ಕೆರೆಯ ದಿಕ್ಕಿಗೆ ಹೋಯಿತು. ಕೊನೆಗೆ ಚೀಟಿಯನ್ನು ಬಿಡಿಸಿ ಎರಡೂ ಬದಿ ನೋಡಿ, ಅದನ್ನೂ ಅಗಿಯಿತು.

ಕೆಳಗಿಳಿದಾಗ ಶೇಂಗಾದ ಹೆಂಗಸು ತಲೆಯೆತ್ತದೆ ಕೇಳಿದಳು. "ಏನೇನ್ ಒಯ್ತ್ರಿ?"

"ಎಲ್ಲ."

"ಪರವಾಗಿಲ್ಲ ಅಂದಿದ್ರೆಲ್ಲ."

ಅವಳಿಗೆ ಹೇಳಲಿಲ್ಲ, ನಿಮಗೆ ಹೇಳುತ್ತೇನೆ. ನನಗೆ ಒಳಗೊಳಗೇ ಖುಷಿಯಾಗಿತ್ತು. ಸಾಮಾನಿಲ್ಲದೆ ಪಿಜ್ಜಾ ಇಲ್ಲ, ಪಿಜ್ಜಾ ಇಲ್ಲದೆ ಪರೀಕ್ಷೆ ಇಲ್ಲ. ಚಾಲುಕ್ಯರ ಶಿಲ್ಪಕಲೆಗಿಂತ ಆ ಮಂಗನ ಕಡೆಗೇ ಹೆಚ್ಚು ಗೌರವ ಇಟ್ಟುಕೊಂಡು ಬಸ್ಸು ಹತ್ತಿದೆ.

ಅಮೀನಗಡ

ಗುಳೇದಗುಡ್ಡದ ಮಾರ್ಗವಾಗಿ ಬಂದ ಬಸ್ಸು ಅಮೀನಗಡದಲ್ಲಿ ನಿಂತಿತು. ಬಸ್ಸಿಗೆ ಬಸ್ಸೇ ಇಳಿದು ಅಲ್ಲಿನ ಅಂಟುಬೆಲ್ಲದ ಸಿಹಿ, ಕರದಂಟು ಕೊಳ್ಳಲು ಹೋಯಿತು. ನಾನೂ ಒಂದು ಡಬ್ಬಿ ಕೊಂಡು ಬೀರಪ್ಪನಿಗೆ ಫೋನ್ ಮಾಡಿದೆ. ದನಿಯಲ್ಲಿ ಎಷ್ಟು ದುಃಖ ತುಂಬಬಹುದೋ ಅಷ್ಟು ತುಂಬಿ, ಸಾಮಾನೆಲ್ಲ ಮಂಗನ ಪಾಲಾಯಿತು, ಪಿಜ್ಜಾ ಇನ್ನೊಮ್ಮೆ ನೋಡೋಣ ಎಂದೆ.

"ಅಷ್ಟ ಹೌದಲ್ಲೋ" ಎಂದ ಬೀರಪ್ಪ. "ಮನ್ಯಾಗ ಏನ್ ಐತಿ ಅದರಾಗ ಮಾಡೂಣ. ಸಾಮಾನ ಹೋದ್ರ ಹೋತು. ಮಾಸ್ತರ ಉಳದಾನಲ್ಲ."

ಕರದಂಟಿನ ತುಂಡೊಂದು ಬಾಯಲ್ಲಿತ್ತು. ಅದನ್ನು ನುಂಗಲು ಹುನಗುಂದದವರೆಗೂ ಹಿಡಿಯಿತು.

ಹುನಗುಂದ

ಬಸ್ ನಿಲ್ದಾಣದಲ್ಲಿ ಬೀರಪ್ಪ ನಿಂತಿದ್ದ. ತಲೆ ಬೆಳ್ಳಗಾಗಿತ್ತು, ನಗು ಧಾರವಾಡದ್ದೇ. ನನ್ನ ಪೆಟ್ಟಿಗೆಯನ್ನು ಕಿತ್ತುಕೊಂಡು ಹೆಗಲ ಮೇಲಿಟ್ಟ. ಅದಕ್ಕೆ ಗಾಲಿ ಇದೆ ಎಂದರೆ, "ಇರ್ಲಿ ಬಿಡು" ಎಂದ. ದಾರಿಯಲ್ಲಿ ಸಿಕ್ಕವರಿಗೆಲ್ಲ, "ಇವನ ನೋಡ್ರಿ ನಾ ಹೇಳಿದ್ದು, ಪಿಜ್ಜಾದ ಮಾಸ್ತರ" ಎಂದು ಪರಿಚಯಿಸಿದ. ಸಿಕ್ಕವರೆಲ್ಲ ನಮಸ್ಕಾರ ಮಾಡಿದರು. ನನಗೆ ಬೆವರಿತು. ಬಿಸಿಲು ಹೆಚ್ಚು ಎಂದೆ.

ಮನೆಯ ಹಿತ್ತಲಲ್ಲಿ ಇಪ್ಪತ್ತಕ್ಕೂ ಹೆಚ್ಚು ಕುರಿಗಳಿದ್ದವು. ಹಿಂದಿನ ದಿನವಷ್ಟೇ ಈದ ಎಮ್ಮೆಯೂ ಇತ್ತು. ಬೀರಪ್ಪನ ಹೆಂಡತಿ ಯಲ್ಲವ್ವ ಒಂದು ಕುರಿಯ ಕಾಲಿನಿಂದ ಮುಳ್ಳು ತೆಗೆಯುತ್ತಿದ್ದಳು. ನಾಡಿದ್ದು ಬೆಳಿಗ್ಗೆ ಕುರಿ ಕೊಳ್ಳುವವರು ಬರುತ್ತಾರೆ ಎಂದು ಬೀರಪ್ಪ ಹೇಳಿದ. ಮಾರಲಿರುವ ಕುರಿಯ ಮುಳ್ಳನ್ನು ಯಾರೂ ಅಷ್ಟು ನಿಧಾನವಾಗಿ ತೆಗೆಯುವುದಿಲ್ಲ ಎಂದು ನನಗನಿಸಿತು.

ಬೀರಪ್ಪ ನೀರು ತರಲು ಒಳಗೆ ಹೋದಾಗ ಅವಳು ಕೇಳಿದಳು. "ಅಣ್ಣಾರ, ಇವು ನಮ್ಮ ಮಾವನವರು ಸಾಕಿದ್ದ ಕುರಿ ತಳಿ. ಬೀರಪ್ಪದೇವರ ಹೆಸರಿಲೆ ಸಾಕಿದ್ದು. ನಿಮ್ಮ ದೋಸ್ತ ಹೇಳ್ತಾರ, ಶ್ರೀಕಂಠ ಕಲಿಸಿದ್ರ ಅಂಗಡಿ ನಿಂತಂಗ ಅಂತ. ಖರೇನ ನಡಿತೈತೇನ್ರಿ?"

ಒಂದು 'ಇಲ್ಲ' ಅಂದರೆ ಮುಗಿಯುತ್ತಿತ್ತು. "ನೋಡೋಣಮ್ಮ" ಎಂದೆ. ನಿವೃತ್ತ ಮೇಷ್ಟರ ಧೈರ್ಯ ಅಷ್ಟೇ ಇರುತ್ತದೆ.

ಇಳಕಲ್

ಮರುದಿನ ಬೆಳಿಗ್ಗೆ ಅಂಗಡಿ ತೋರಿಸಲು ಇಳಕಲ್ಲಿಗೆ ಕರೆದುಕೊಂಡು ಹೋದ. ಬಾಗಿಲು ಮೂರಡಿ, ಒಳಗೆ ಕತ್ತಲೆ, ಎದುರಿಗೆ ಸೀರೆ ಅಂಗಡಿಗಳ ಸಾಲು. ಕೆಂಪು ಸೆರಗಿನ ಇಳಕಲ್ ಸೀರೆ ಕೊಳ್ಳಲು ಬಂದವರು ಹಸಿವಾದಾಗ ಪಿಜ್ಜಾ ತಿನ್ನುತ್ತಾರೆ ಎಂಬುದು ಬೀರಪ್ಪನ ಕಲ್ಪನೆ. ಅವರು ಮನೆಯಿಂದ ರೊಟ್ಟಿ ಕಟ್ಟಿಕೊಂಡು ಬಂದಿರುತ್ತಾರೆ ಎಂಬುದು ಅಲ್ಲೇ ಕಟ್ಟೆಯ ಮೇಲೆ ಗಂಟು ಬಿಚ್ಚಿ ಕೂತವರನ್ನು ನೋಡಿದರೆ ಗೊತ್ತಾಗುತ್ತಿತ್ತು.

ಅಂಗಡಿಯ ಮಾಲೀಕ ಇಮಾಮಸಾಬರು ಪಕ್ಕದಲ್ಲೇ ಇಳಕಲ್ಲಿನ ಕೆಂಪು ಕಲ್ಲನ್ನು ಕೊಯ್ದು ಪಾಲಿಶ್ ಮಾಡಿಸಿ ಮಾರುವ ವ್ಯಾಪಾರಿ. ತಾತಮುತ್ತಾತಂದಿರ ಕಾಲದಿಂದ ಅಲ್ಲಿಯೇ ಇರುವವರು, ಮಾತು ಕಡಿಮೆ.

"ಇವತ್ತ ಸಂಜಿಮುಂದ ಹೇಳ್ರಿ ಮಾಸ್ತರ" ಎಂದರು ಬೀರಪ್ಪನಿಗೆ. "ಇನ್ನೊಬ್ಬರು ಕೇಳ್ಯಾರ. ನಿಮ್ಮ ಸಲುವಾಗಿ ತಡದೇನಿ."

ಬೀರಪ್ಪ ಅವರ ಅಂಗಳದಲ್ಲಿದ್ದ ಒಂದು ಕಲ್ಲಿನ ತುಂಡನ್ನು ದಿಟ್ಟಿಸಿದ. ಯಾರದೋ ಅಡಿಗೆಮನೆಯ ಕಟ್ಟೆಗೆ ಕೊಯ್ದು ಉಳಿದದ್ದು. ಪಿಜ್ಜಾವನ್ನು ಕಾದ ಕಲ್ಲಿನ ಮೇಲೆ ಸುಡುತ್ತಾರೆ ಎಂದು ನಾನೇ ಯಾವುದೋ ಫೋಟೋದ ಕೆಳಗೆ ಬರೆದಿದ್ದೆ.

"ಒಯ್ಯಲೇನ್ರಿ ಸಾಹೇಬ್ರ?"

"ಒಯ್ರಿ. ನೆಲಕ್ಕ ಹಾಸೂ ಕಲ್ಲು ಅದು. ಒಲಿಮ್ಯಾಗ ಇಡೂದಲ್ಲ."

"ಇಳಕಲ್ ಕಲ್ಲಿಗಿ ಏನಾಕ್ಕೈತ್ರಿ" ಎಂದ ಬೀರಪ್ಪ. ಇಮಾಮಸಾಬರು ನನ್ನ ಮುಖ ನೋಡಿದರು, ಪಿಜ್ಜಾದ ಮಾಸ್ತರು ಏನಾದರೂ ಹೇಳುತ್ತಾರೇನೋ ಎಂದು. ನಾನು ಗಂಭೀರವಾಗಿ ಕಲ್ಲನ್ನು ತಟ್ಟಿ ನೋಡಿ ತಲೆಯಾಡಿಸಿದೆ. ಕಲ್ಲಿಗೂ ನನಗೂ ಇದ್ದ ಪರಿಚಯ ಅಷ್ಟೇ.

ಮತ್ತೆ ಹುನಗುಂದ

ಮಧ್ಯಾಹ್ನ ಹಿತ್ತಲಲ್ಲಿ ಪಾಠ ಶುರುವಾಯಿತು. ಮೈದಾ ಇರಲಿಲ್ಲ, ಗೋಧಿ ಹಿಟ್ಟಿತ್ತು. ಯೀಸ್ಟ್ ಬಾದಾಮಿಯ ಮಂಗನ ತಲೆಯ ಮೇಲಿತ್ತು. ಅದರ ಬದಲು ಯಲ್ಲವ್ವ ಹುಳಿ ಮಜ್ಜಿಗೆಯನ್ನೂ ಚಿಟಿಕೆ ಸೋಡಾವನ್ನೂ ಕೊಟ್ಟಳು. ನಾನು ನಾದುತ್ತ, ಹಿಟ್ಟಿಗೂ ಜೀವ ಇರುತ್ತೆ, ಅದು ಉಸಿರಾಡಬೇಕು ಎಂದು ವಿವರಿಸಿದೆ. ಹಿಟ್ಟು ನನ್ನ ಎರಡೂ ಕೈಗೆ ಮೊಣಕೈವರೆಗೆ ಅಂಟಿತ್ತು.

"ನೀವು ಕೈ ಬಿಟ್ರ ಅದು ಉಸರಾಡತೈತ್ರಿ ಅಣ್ಣಾರ" ಎಂದು ಯಲ್ಲವ್ವ ಹಿಟ್ಟು ನಾದುವ ಪರಾತವನ್ನು ತನ್ನ ಕಡೆ ಎಳೆದುಕೊಂಡಳು.

ಸಾಸಿನ ಬದಲು ಕೆಂಪು ಖಾರ ಬಂತು. ಹಣ್ಣು ಮೆಣಸಿನಕಾಯಿಯನ್ನು ಬೆಳ್ಳುಳ್ಳಿ ಹಾಕಿ ಅರೆದು ಗಡಿಗೆಯಲ್ಲಿ ತುಂಬಿಟ್ಟಿರುತ್ತಾರೆ. ನೋಡಿದರೇ ಕಣ್ಣಲ್ಲಿ ನೀರು. ಅದಕ್ಕೆ ನಾಲ್ಕು ಟೊಮೆಟೊ ಹಿಸುಕಿ ಸಮಾಧಾನ ಮಾಡಿದೆವು. ವಿದೇಶಿ ಸೊಪ್ಪಿನ ಜಾಗಕ್ಕೆ ಅಜವಾನ, ಅಂದರೆ ನಮ್ಮ ಓಮ, ಮೇಲೆ ಹೆಚ್ಚಿದ ಉಳ್ಳಾಗಡ್ಡಿ. ಉಳಿದದ್ದು ಚೀಸು. ಚೀಸಿಲ್ಲದೆ ಪಿಜ್ಜಾ ಆಗುವುದೇ ಇಲ್ಲ ಎಂದು ನಾನು ಕೊನೆಯ ಆಸೆಯಿಂದ ಹೇಳಿದೆ.

ಬೀರಪ್ಪ ಗಣಿತದ ಮೇಷ್ಟರ ಹಾಗೆ ಯೋಚಿಸಿದ. "ಚೀಸ್ ಅಂದ್ರ ಏನಲೇ? ಗಟ್ಟಿ ಆದ ಹಾಲು, ಹೌದಿಲ್ಲೋ? ತಾನ ಗಟ್ಟಿ ಆಗೂ ಹಾಲು ನಮ್ಮನ್ಯಾಗ ಐತೆಲ್ಲ."

ಎಮ್ಮೆ ಈದ ಮೊದಲ ದಿನಗಳ ಹಾಲು. ಬಿಸಿ ತಾಗಿಸಿದರೆ ಸಾಕು, ಗಿಣ್ಣವಾಗಿ ಗಟ್ಟಿಯಾಗುತ್ತದೆ. ಬೆಲ್ಲ ಹಾಕದೆ ಗಿಣ್ಣ ಮಾಡು ಎಂದಾಗ ಯಲ್ಲವ್ವ ಗಂಡನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದು ಬೇಡ. ಆದರೂ ಮಾಡಿಕೊಟ್ಟಳು.

ಆಮೇಲೆ ಕಲ್ಲು. ಮೂರು ಕಲ್ಲಿನ ಒಲೆ ಹೂಡಿ, ಮೇಲೆ ಇಳಕಲ್ಲಿನ ಕೆಂಪು ಕಲ್ಲಿಟ್ಟು ಅರ್ಧ ಗಂಟೆ ಬೆಂಕಿ ಹಾಕಿದೆವು. ರೊಟ್ಟಿಯ ಹಂಚು ಕಾದಿದೆಯೇ ಎಂದು ನೀರು ಚಿಮುಕಿಸಿ ನೋಡುವುದು ಆ ಸೀಮೆಯ ಪ್ರತಿಯೊಂದು ಮನೆಯ ರೂಢಿ. ಬೀರಪ್ಪ ಅದನ್ನೇ ಮಾಡಿದ. ಕಲ್ಲು ಪಟಾಕಿಯ ಹಾಗೆ ಸಿಡಿದು ಎರಡು ಹೋಳಾಯಿತು. ಕಾದ ಕಲ್ಲಿಗೆ ತಣ್ಣೀರು ಹಾಕಿದರೆ ಏನಾಗುತ್ತದೆ ಎಂದು ಮೂವತ್ತು ವರ್ಷ ಎಂಟನೆಯ ತರಗತಿಗೆ ಪಾಠ ಮಾಡಿದವನು ಪಕ್ಕದಲ್ಲೇ ನಿಂತಿದ್ದೆ.

ಸದ್ದಿಗೆ ಕುರಿಗಳು ಬೇಲಿ ಹಾರಿದವು. ಬೀರಪ್ಪ ಒಂದು ದಿಕ್ಕಿಗೆ ಓಡಿದ, ನಾನು ಇನ್ನೊಂದು ದಿಕ್ಕಿಗೆ. ನಾನು ಓಡಿದ ದಿಕ್ಕಿನಲ್ಲಿ ಕುರಿ ಇರಲಿಲ್ಲ. ಯಲ್ಲವ್ವ ಮಾತ್ರ ಕೂತಲ್ಲಿಂದ ಏಳಲಿಲ್ಲ. ನಾಲಿಗೆಯಿಂದ ಒಂದು ಸದ್ದು ಮಾಡಿದಳು, ಇನ್ನೊಂದು ಸಲ ಮಾಡಿದಳು. ಕುರಿಗಳು ಒಂದೊಂದಾಗಿ ತಿರುಗಿ ಬಂದು ಅವಳ ಸುತ್ತ ನಿಂತವು. ಅವಳು ಒಂದೊಂದರ ಬೆನ್ನು ಮುಟ್ಟಿ ಎಣಿಸಿಕೊಂಡಳು. ನಾಳೆ ಬೆಳಿಗ್ಗೆ ಇವು ಹೋಗುವುದು ನಾನು ಹೇಳಿದ ಸುಳ್ಳಿನ ಮೇಲೆ.

ಕೊನೆಗೆ ಪಿಜ್ಜಾ ಮಾಡಿದ್ದು ಯಲ್ಲವ್ವನೇ. ರೊಟ್ಟಿ ಬಡಿಯುವ ಕೈಯಲ್ಲಿ ಹಿಟ್ಟು ತಟ್ಟಿ ಹಂಚಿನ ಮೇಲೆ ಹಾಕಿದಳು. ನಾವಿಬ್ಬರು ಗಂಡಸರು ಖಾರ ಸವರಿ, ಗಿಣ್ಣ ಪುಡಿಮಾಡಿ ಉದುರಿಸಿದೆವು. ಮೇಲೆ ಬೋಗುಣಿ ಮುಚ್ಚಿ ಕೆಂಡ ಹಾಕಿದಳು. ಸ್ವಲ್ಪ ಹೊತ್ತಿಗೆ ಬೋಗುಣಿ ಎತ್ತಿದಾಗ ಬಂದ ವಾಸನೆಗೆ ನಾನು ಹೆದರಿದೆ. ಕೆಟ್ಟಿರುತ್ತದೆ ಎಂಬ ಒಂದೇ ಭರವಸೆಯ ಮೇಲೆ ಅಲ್ಲಿಯವರೆಗೆ ಕೂತಿದ್ದೆ. ಅದು ಕೆಟ್ಟಿರಲಿಲ್ಲ.

ಬೀರಪ್ಪ ಒಂದು ತುಂಡು ಮುರಿಯಲು ಕೈ ಚಾಚಿದ. ಯಲ್ಲವ್ವ ಅವನ ಕೈಗೆ ಒಂದೇಟು ಕೊಟ್ಟಳು.

"ಗಿಣ್ಣ ಬಿದ್ದೈತಿ ಅದರಾಗ. ಓಣಿಗಿ ಮುಟ್ಟಸಲಾರದ ಬಾಯಾಗ ಇಡತೀರೇನು?"

ಗಿಣ್ಣವನ್ನು ಆ ಮನೆಯಲ್ಲಿ ಮಾರುವುದಿಲ್ಲ. ಮೊದಲು ದೇವರಿಗೆ, ಆಮೇಲೆ ಓಣಿಯ ಏಳು ಮನೆಗೆ, ಉಳಿದರೆ ಮನೆಯವರಿಗೆ. ಪಿಜ್ಜಾದ ಮೇಲೆ ಕೂತರೂ ಗಿಣ್ಣ ಗಿಣ್ಣವೇ. ಅವಳು ದೇವರ ಮುಂದೆ ಒಂದು ಚೂರಿಟ್ಟು ಬಂದು, ಉಳಿದದ್ದನ್ನು ಏಳು ತುಂಡು ಮಾಡಿ ತಟ್ಟೆಗೆ ಹಾಕಿದಳು.

"ಇದು ಇನ್ನೂ ಛಲೋ ಆತು" ಎಂದ ಬೀರಪ್ಪ. "ಓಣಿ ಮಂದಿನ ಹೇಳ್ಲಿ. ಅವರು ಹೂಂ ಅಂದ್ರ ಹೊಳ್ಳಿ ಬಂದು ಇಮಾಮಸಾಬರಿಗಿ ಫೋನ್ ಹಚ್ಚತೇನಿ."

ಓಣಿ

ತಟ್ಟೆ ಹಿಡಿದು ಅವನು ಮುಂದೆ, ನಾನು ಹಿಂದೆ. ಹೊಸ್ತಿಲು ದಾಟುವಾಗ ನನಗೆ ಒಂದು ವಿಷಯ ಖಚಿತವಾಯಿತು. ಬಾಗಲಕೋಟೆಯಲ್ಲಿ ಗುರುತಿಲ್ಲದವನಿಗೆ ಮಿರ್ಚಿ ಮುರಿದುಕೊಟ್ಟ ಜನ ಇವರು. ಬಂದ ಅತಿಥಿ ಮಾಡಿದ್ದನ್ನು ಚೆನ್ನಾಗಿಲ್ಲ ಎನ್ನುವ ಒಂದು ಬಾಯಿಯೂ ಈ ಓಣಿಯಲ್ಲಿ ಇರಲಾರದು. ಏಳೂ ಮನೆಯವರು ಹೂಂ ಅನ್ನುತ್ತಾರೆ, ಕುರಿ ಹೋಗುತ್ತದೆ.

"ಬೀರಪ್ಪ, ನಿಲ್ಲೋ" ಎಂದೆ. "ನನಗೆ ಪಿಜ್ಜಾ ಮಾಡೋಕೆ ಬರೋಲ್ಲ."

ಅವನು ತಿರುಗಿದ. "ಈಗ ಮಾಡಿದ್ಯೆಲ್ಲ."

"ಮಾಡಿದ್ದು ನಿನ್ನ ಹೆಂಡತಿ. ಇದಕ್ಕೆ ಮೊದಲು ನಾನು ಒಂದೂ ಮಾಡಿಲ್ಲ. ಆ ಫೋಟೋ ಎಲ್ಲ ನನ್ನ ನಾದಿನಿ ಮಗಳು ಮಾಡಿದ್ದು. ಹೊಗಳ್ತಾರೆ ಅಂತ ಹಾಕಿದೆ. ಕುರಿ ಮಾರಬೇಡ."

ಯಲ್ಲವ್ವ ಬಾಗಿಲಲ್ಲೇ ನಿಂತಿದ್ದಳು. ಸೆರಗನ್ನು ಬಾಯಿಗಿಟ್ಟುಕೊಂಡು ಹಿತ್ತಲಿಗೆ ಹೋದಳು. ಬೀರಪ್ಪನ ಮುಖದಲ್ಲಿದ್ದ ಧಾರವಾಡದ ನಗು ಹೋಗಿತ್ತು. ಮೂವತ್ತು ವರ್ಷದಲ್ಲಿ ನಾನು ಅವನಿಗೆ ಕೊಟ್ಟ ನೋವು ಒಟ್ಟಾಗಿ ಅಲ್ಲಿ ಕಂಡಿತು. ನಾಚಿಕೆಯಾಯಿತು.

"ಇದನ್ನ ಹೇಳಾಕ ಹುನಗುಂದತನಾ ಬಂದ್ಯಾ?"

"ಇಲ್ಲ. ಹೇಳಬಾರದು ಅಂತಲೇ ಬಂದೆ."

ಅವನು ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ಕಿಸೆಯಿಂದ ಫೋನ್ ತೆಗೆದ. "ಸಾಹೇಬ್ರ, ನಾ ಬೀರಪ್ಪರಿ. ಅಂಗಡಿ ಬ್ಯಾಡ್ರಿ. ಅವರಿಗೇ ಕೊಡ್ರಿ... ಕಲ್ಲೇನ್ರಿ? ಒಡೀತ್ರಿ. ಹೂಂ. ನೀವು ಹೇಳಿದ್ರಿ." ಇನ್ನೊಂದು ಫೋನ್ ಕುರಿಯವರಿಗೆ, ನಾಳೆ ಬರಬೇಡಿ ಎಂದು. ಫೋನನ್ನು ಕಿಸೆಗಿಟ್ಟು ನನ್ನ ಕಡೆ ನೋಡಲಿಲ್ಲ. ಈಗ ನನ್ನ ಪೆಟ್ಟಿಗೆಯನ್ನು ತಂದು ಹೊರಗಿಡುತ್ತಾನೆ ಎಂದುಕೊಂಡೆ. ಗಾಲಿ ಉಪಯೋಗಕ್ಕೆ ಬರುವ ಹೊತ್ತು ಬಂತು ಎಂದುಕೊಂಡೆ.

"ನಡಿ" ಎಂದ. "ಆರಿ ತಣ್ಣಗಾಗಾಕತ್ತೈತಿ."

ಮೊದಲ ಮನೆಯ ಕಟ್ಟೆಯ ಮೇಲೆ ಒಬ್ಬ ಅಜ್ಜಿ ಕೂತಿದ್ದಳು. ಕಣ್ಣಿಗೆ ಕೈ ಅಡ್ಡ ಹಿಡಿದು ನನ್ನನ್ನು ನೋಡಿ, "ಯಾರಪಾ ಇವ್ರು, ನೀ ಹೇಳಿದ್ದ ಪಿಜ್ಜಾದ ಮಾಸ್ತರೇನು?" ಎಂದಳು. ನಾನು ನೆಲ ನೋಡಿದೆ.

"ಪಿಜ್ಜಾ ಗಿಜ್ಜಾ ಏನೂ ಬರಂಗಿಲ್ಲಬೇ ಇವಗ" ಎಂದ ಬೀರಪ್ಪ. "ನನ್ನ ದೋಸ್ತ. ಬಂದಾನ."

ಅಜ್ಜಿ ಒಂದು ಚೂರು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಚಪ್ಪರಿಸಿದಳು. "ಖಾರ ಛಲೋ ಐತಿ. ಗಿಣ್ಣಕ್ಕ ಬೆಲ್ಲಾ ಹಾಕೂದು ಮರತೀರಿ" ಎಂದಳು. ಗಿಣ್ಣ ತಂದ ಪಾತ್ರೆ ಬರಿದಾಗಿ ಹಿಂದೆ ಹೋಗಬಾರದೆಂದು ತಟ್ಟೆಗೆ ಒಂದು ಹಿಡಿ ಜೋಳ ಹಾಕಿದಳು. ಎರಡನೆಯ ಮನೆಯಲ್ಲೂ ಬೀರಪ್ಪ ಅದೇ ಮಾತು ಹೇಳಿದ, ಮೂರನೆಯ ಮನೆಯಲ್ಲೂ ಅದೇ. ಹಾಜರಿ ಕರೆಯುವ ದನಿಯಲ್ಲಿ, ಒಂದಕ್ಷರ ಬಿಡದೆ. ಪ್ರತಿ ಮನೆಯವರೂ ನನ್ನನ್ನು ಪೂರ್ತಿ ನೋಡಿ, ಊಟ ಆಯಿತೇ ಎಂದು ಕೇಳಿದರು. ತುಂಡುಗಳು ಮುಗಿಯುತ್ತ ಜೋಳ ತುಂಬುತ್ತ ಹೋಯಿತು. ನಾನು ಕೈಹಾಕಿ ಮಾಡಿದ ಮೊದಲ ಪಿಜ್ಜಾದ ರುಚಿ ಹೇಗಿತ್ತೆಂದು ಅಲ್ಲಿ ಎಲ್ಲರಿಗೂ ಗೊತ್ತು, ನನಗೆ ಮಾತ್ರ ಇಂದಿಗೂ ಗೊತ್ತಿಲ್ಲ.

ಏಳನೆಯ ಮನೆಯ ಬಾಗಿಲಿಗೆ ಬಂದಾಗ ಬೀರಪ್ಪ ನನ್ನ ಹೆಗಲ ಮೇಲೆ ಕೈಹಾಕಿದ್ದ. ಒಳಗಿಂದ ಯಾರೋ, "ಯಾರ್ರಿ ಅವ್ರು?" ಎಂದು ಕೇಳಿದರು.

ಈ ಸಲ ಅವನು ಪಿಜ್ಜಾದ ಮಾತೆತ್ತಲಿಲ್ಲ.

"ನನ್ನ ದೋಸ್ತ" ಎಂದ. "ಬಂದಾನ."